ಮುದಿ ಪೋನಿಗೆ ವಿದಾಯ ಹೇಳುವ ಸಮಯ: ಪದೇ ಪದೇ ಕೇಳುವ ಪ್ರಶ್ನೆಗಳು

ಜಟಕಾ ಓಡಿಸುವವರು, ಸವಾರಿ ಶಾಲೆ ನಡೆಸುವವರು, ಮದುವೆ ಮೆರವಣಿಗೆಗೆ ಕುದುರೆ ಕಳಿಸುವವರು, ಮಕ್ಕಳಿಗೆಂದು ತೋಟದ ಮನೆಯಲ್ಲಿ ಒಂದು ಪೋನಿ (ಸಣ್ಣ ತಳಿಯ ಕುದುರೆ) ಸಾಕಿಕೊಂಡವರು ಮಾತಿನಲ್ಲಿಯೂ ಪತ್ರದಲ್ಲಿಯೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ವಿದಾಯ ಎಂದರೆ ಇಲ್ಲಿ, ಗುಣವಾಗದ ನೋವಿರುವ ಕುದುರೆಗೆ ವೈದ್ಯರಿಂದ ಕೊಡಿಸುವ ದಯಾಮರಣ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ನಾನು ಪಶುವೈದ್ಯನಲ್ಲ, ಮುದಿ ಕುದುರೆಗಳನ್ನು ಸಾಕುತ್ತಾ, ವೈದ್ಯರ ಪಕ್ಕದಲ್ಲಿ ನಿಂತು ಕಲಿತವನು. ಆದ್ದರಿಂದ ಯಾವ ಔಷಧದ ಪ್ರಮಾಣವನ್ನೂ ಬರೆದಿಲ್ಲ. ಅದನ್ನು ನಿಮ್ಮ ಕುದುರೆಯನ್ನು ಕಣ್ಣಾರೆ ಕಂಡ ವೈದ್ಯರೇ ಹೇಳಬೇಕು.

## ಮುಪ್ಪು ಮತ್ತು ನೋವು

ನಮ್ಮ ಪೋನಿಗೆ 22 ವರ್ಷ ಆಯಿತು. ಇನ್ನು ಎಷ್ಟು ದಿನ ಬದುಕಬಹುದು?

ವಯಸ್ಸೊಂದೇ ವಿದಾಯಕ್ಕೆ ಕಾರಣವಾಗಬೇಕಿಲ್ಲ. ದೊಡ್ಡ ಕುದುರೆಗಳಿಗಿಂತ ಪೋನಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತವೆ. ಒಳ್ಳೆಯ ಆರೈಕೆಯಿದ್ದರೆ 25 ದಾಟುವುದು ಸಹಜ, 30 ದಾಟಿದವೂ ಇವೆ. ನಮ್ಮಲ್ಲಿ ಇಷ್ಟು ವಯಸ್ಸಿನ ಕುದುರೆ ಅಪರೂಪವಾಗಿ ಕಾಣಲು ದೇಹದ ಮಿತಿಗಿಂತ ದುಡಿಮೆಯೇ ಹೆಚ್ಚು ಕಾರಣ: ಡಾಂಬರು ರಸ್ತೆಯ ಮೇಲಿನ ಓಟ, ಸವೆದ ಲಾಳ, ಹಲ್ಲಿನ ತಪಾಸಣೆಯೇ ಇಲ್ಲದ ಬದುಕು. ಇಪ್ಪತ್ತರ ನಂತರ ವರ್ಷಕ್ಕೆ ಎರಡು ಬಾರಿಯಾದರೂ ವೈದ್ಯರಿಂದ ಹಲ್ಲು, ಗೊರಸು, ಹೃದಯ ಮತ್ತು ಮೈತೂಕವನ್ನು ನೋಡಿಸಿ, ಅದನ್ನು ಬರೆದಿಡಿ. ಮುಂದೊಂದು ದಿನ ತೀರ್ಮಾನಕ್ಕೆ ಬರಬೇಕಾದಾಗ ಈ ಬರಹವೇ ನಿಮ್ಮ ಕೈಹಿಡಿಯುತ್ತದೆ.

ಮೈ ಇಳಿಯುತ್ತಾ ಬಂದಿದೆ. ವಯಸ್ಸಾದ ಮೇಲೆ ಹಾಗೇ ಅಲ್ಲವೇ?

ಹಾಗಲ್ಲ. ಮುಪ್ಪಿಗೆ ಹೊರಿಸುವ ಸೊರಗುವಿಕೆಯಲ್ಲಿ ಬಹುಪಾಲು ಹಲ್ಲು, ಹುಳು ಅಥವಾ ಹಾರ್ಮೋನಿನ ಕಾಯಿಲೆಯಿಂದ ಬಂದಿರುತ್ತದೆ. ಕುದುರೆಯ ದವಡೆಹಲ್ಲು ಜೀವನವಿಡೀ ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಮೇಲೆ ಬರುತ್ತಾ, ಅಷ್ಟೇ ಸವೆಯುತ್ತಾ ಹೋಗುತ್ತದೆ. ಇಪ್ಪತ್ತೈದರ ಆಸುಪಾಸಿಗೆ ಒಸಡಿನೊಳಗಿನ ದಾಸ್ತಾನು ಮುಗಿಯುತ್ತಾ ಬರುತ್ತದೆ. ಆಗ ಹುಲ್ಲನ್ನು ಅರೆಯಲಾಗದೆ ಉಂಡೆ ಮಾಡಿ ನೆಲಕ್ಕೆ ಉಗುಳುತ್ತದೆ. ಗೋದಲಿಯ ಕೆಳಗೆ ಒದ್ದೆ ಹುಲ್ಲಿನ ಉಂಡೆಗಳು ಬಿದ್ದಿದ್ದರೆ ಹಸಿವಿಲ್ಲವೆಂದು ತಿಳಿಯಬೇಡಿ. ತಿನ್ನಲು ಹಲ್ಲಿಲ್ಲ ಎಂದು ತಿಳಿಯಿರಿ. ಸಣ್ಣಗೆ ಕತ್ತರಿಸಿ ನೆನೆಸಿದ ಹುಲ್ಲು, ಗಂಜಿಯಂತೆ ಕಲಸಿದ ತಿನಿಸು ಕೊಟ್ಟರೆ ಇಂಥ ಕುದುರೆ ಇನ್ನೂ ವರ್ಷಗಟ್ಟಲೆ ಚೆನ್ನಾಗಿರಬಲ್ಲದು. ಬೇಯಿಸಿದ ಹುರುಳಿ ನಮ್ಮ ಹಳೆಯ ಪದ್ಧತಿ, ಒಳ್ಳೆಯದೇ. ಆದರೆ ಗೊರಸಿನ ಉರಿಯೂತದ ಚರಿತ್ರೆಯಿರುವ ಪೋನಿಗೆ ಕಾಳು, ತೌಡು, ಬೆಲ್ಲ ಯಾವುದನ್ನೂ ವೈದ್ಯರನ್ನು ಕೇಳದೆ ಕೊಡಬಾರದು.

ತೂಕವನ್ನು ಕಣ್ಣಂದಾಜಿಗೆ ಬಿಡಬೇಡಿ. ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 140, ಉದ್ದ 125 ಇದ್ದರೆ ಸುಮಾರು 206 ಕಿಲೋ. ತಿಂಗಳಿಗೊಮ್ಮೆ ಅಳೆದರೆ ಸಾಕು.

ನೋವಿದ್ದರೆ ಅದು ಬಾಯಿಬಿಟ್ಟು ಹೇಳುವುದಿಲ್ಲವಲ್ಲ, ನಮಗೆ ತಿಳಿಯುವುದು ಹೇಗೆ?

ಕುದುರೆ ಬೇಟೆಗೆ ಸಿಗುವ ಪ್ರಾಣಿಗಳ ಕುಲದ್ದು. ನೋವನ್ನು ಬಚ್ಚಿಡುವುದು ಅದರ ಹುಟ್ಟುಗುಣ. ಜನ ಹತ್ತಿರ ಬಂದೊಡನೆ ಸರಿಯಾಗಿ ನಿಲ್ಲುವ ಕುದುರೆ ನೀವು ಮರೆಯಾದ ಮೇಲೆ ಕಾಲು ಬದಲಿಸುತ್ತಾ, ತಲೆ ತಗ್ಗಿಸಿ ಮೂಲೆಗೆ ಮುಖ ಮಾಡಿ ನಿಲ್ಲಬಹುದು. ಆದ್ದರಿಂದ ಅದಕ್ಕೆ ತಿಳಿಯದಂತೆ ದೂರದಿಂದ ನೋಡಿ. ಮೊಬೈಲನ್ನು ಲಾಯದ ಗೋಡೆಗೆ ಒರಗಿಸಿ ಅರ್ಧ ಗಂಟೆ ವಿಡಿಯೋ ತೆಗೆದರೂ ಬಹಳ ತಿಳಿಯುತ್ತದೆ.

ಮುಖವೂ ಮಾತನಾಡುತ್ತದೆ. ಕುದುರೆಯ ನೋವನ್ನು ಮುಖಭಾವದಿಂದ ಅಳೆಯುವ ಒಂದು ಕ್ರಮ 2014ರಲ್ಲಿ ಪ್ರಕಟವಾಗಿದ್ದು, ಅದು ಆರು ಗುರುತುಗಳನ್ನು ನೋಡಲು ಹೇಳುತ್ತದೆ: ಹಿಂದಕ್ಕೆ ಬಿಗಿದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗುವು, ಸೆಟೆದ ದವಡೆಯ ಸ್ನಾಯು, ಬಿಗಿಹಿಡಿದ ತುಟಿ ಮತ್ತು ಎದ್ದುಕಾಣುವ ಗದ್ದ, ಅಗಲಗೊಂಡು ಬಿಗಿದ ಮೂಗಿನ ಹೊಳ್ಳೆ. ಇದರ ಜೊತೆಗೆ ನಾಡಿಯನ್ನು ಎಣಿಸಲು ಕಲಿಯಿರಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಬಾರಿ ಬಡಿಯುತ್ತದೆ, ಪೋನಿಗಳಲ್ಲಿ ಇದಕ್ಕಿಂತ ತುಸು ಹೆಚ್ಚು. ನೆಮ್ಮದಿಯ ದಿನದಲ್ಲಿ ನಿಮ್ಮ ಪೋನಿಯ ನಾಡಿ ಎಷ್ಟು ಎಂಬುದು ಗೊತ್ತಿದ್ದರೆ ಮಾತ್ರ ಕೆಟ್ಟ ದಿನದ ಅಂಕಿಗೆ ಅರ್ಥ ಬರುತ್ತದೆ.

ಮೇವು ತಿನ್ನುತ್ತಿದೆ. ತಿನ್ನುವವರೆಗೂ ಚೆನ್ನಾಗಿಯೇ ಇದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ.

ಹಸುವಿನ ಮಟ್ಟಿಗೆ ಈ ಮಾತು ಬಹುಮಟ್ಟಿಗೆ ನಿಜವಿರಬಹುದು. ಪೋನಿಯ ವಿಷಯದಲ್ಲಿ ಇದನ್ನು ನಂಬಿ ಕೂರಬಾರದು. ಬಡ ನೆಲದಲ್ಲಿ ಸಿಕ್ಕಿದ್ದನ್ನು ತಿಂದು ಬದುಕಿದ ತಳಿಗಳಿಂದ ಬಂದ ಪ್ರಾಣಿ ಇದು. ನಿಲ್ಲಲೂ ಆಗದಷ್ಟು ಕಾಲುನೋವಿದ್ದರೂ ಮುಂದೆ ಹಿಡಿದ ಹುಲ್ಲನ್ನು ಅದು ಬಿಡುವುದಿಲ್ಲ. ತಿನ್ನುವುದನ್ನು ನಿಲ್ಲಿಸಿದ ಪೋನಿಗೆ ಗಂಭೀರ ತೊಂದರೆ ಇದೆ ಎಂಬುದು ಖಚಿತ. ತಿನ್ನುತ್ತಿರುವ ಪೋನಿಗೆ ನೋವಿಲ್ಲ ಎಂಬುದು ಖಚಿತವಲ್ಲ. ವಿದಾಯವನ್ನು ತಿಂಗಳುಗಟ್ಟಲೆ ಮುಂದೂಡಿಸುವ ತಪ್ಪು ತಿಳಿವಳಿಕೆಗಳಲ್ಲಿ ಇದೇ ಮೊದಲನೆಯದು.

## ಕೊನೆಯ ವರ್ಷಗಳ ಕಾಯಿಲೆಗಳು

ಮುಂಗಾಲು ಮುಂದಕ್ಕೆ ಚಾಚಿ, ಹಿಂಗಾಲ ಮೇಲೆ ಭಾರ ಹಾಕಿ ನಿಲ್ಲುತ್ತದೆ. ಹೋದ ವರ್ಷವೂ ಹೀಗೇ ಆಗಿತ್ತು. ಮತ್ತೆ ಗುಣವಾಗುತ್ತದೆಯೇ?

ಇದು ಲ್ಯಾಮಿನೈಟಿಸ್‌ನ, ಅಂದರೆ ಗೊರಸಿನ ಉರಿಯೂತದ, ನಿಲುವು. ನಮ್ಮ ಉಗುರು ಬೆರಳಿನ ಮಾಂಸಕ್ಕೆ ಅಂಟಿಕೊಂಡಿರುವಂತೆ ಗೊರಸಿನ ಗೋಡೆಯು ಒಳಗಿನ ಮೂಳೆಗೆ ಸೂಕ್ಷ್ಮ ಪದರಗಳಿಂದ ಬೆಸೆದಿರುತ್ತದೆ, ಮತ್ತು ಇಡೀ ದೇಹದ ಭಾರ ಆ ಪದರಗಳ ಮೇಲೆಯೇ ತೂಗುತ್ತದೆ. ಉರಿಯೂತದಿಂದ ಬೆಸುಗೆ ಸಡಿಲವಾದರೆ ಮೂಳೆ ಒಳಗೇ ತಿರುಗುತ್ತದೆ ಅಥವಾ ಕೆಳಗಿಳಿಯುತ್ತದೆ. ಅತಿರೇಕದಲ್ಲಿ ಅಂಗಾಲನ್ನು ತೂತುಮಾಡಿ ಹೊರಬರುತ್ತದೆ. ಗೊರಸು ಬಿಸಿಯಾಗಿರುವುದು, ಗೊರಸಿನ ಮೇಲಿನ ಗೆಣ್ಣಿನ ಬಳಿ ನಾಡಿ ಜೋರಾಗಿ ಬಡಿಯುವುದು, ತಿರುಗುವಾಗ ಕಾಲೆತ್ತಲು ಹಿಂಜರಿಯುವುದು ಮೊದಲ ಸೂಚನೆಗಳು.

ಮುದಿ ಪೋನಿಗಳಲ್ಲಿ ಇದರ ಹಿಂದೆ ಹೆಚ್ಚಾಗಿ ಕುಶಿಂಗ್ ಕಾಯಿಲೆ ಇರುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹದತಪ್ಪುವುದರಿಂದ ಬರುವ ಈ ಕಾಯಿಲೆಯಲ್ಲಿ ಬೇಸಿಗೆ ಬಂದರೂ ಉದ್ದ ಕೂದಲು ಉದುರುವುದಿಲ್ಲ, ಬೆನ್ನಿನ ಮಾಂಸ ಕರಗಿ ಹೊಟ್ಟೆ ಜೋಲುತ್ತದೆ, ನೀರು ಕುಡಿಯುವುದು ಹೆಚ್ಚುತ್ತದೆ, ಗಾಯ ಬೇಗ ಮಾಯುವುದಿಲ್ಲ. ರಕ್ತಪರೀಕ್ಷೆಯಿಂದ ಇದನ್ನು ಪತ್ತೆಮಾಡಬಹುದು. ಪರ್ಗೊಲೈಡ್ ಎಂಬ ಔಷಧವನ್ನು ಜೀವನಪೂರ್ತಿ ಪ್ರತಿದಿನ ಕೊಟ್ಟರೆ ಹಿಡಿತದಲ್ಲಿಡಬಹುದೇ ಹೊರತು ಬೇರುಸಹಿತ ತೆಗೆಯಲಾಗದು. ಆ ಔಷಧ ನಿಮ್ಮ ಊರಿಗೆ ತಪ್ಪದೆ ತಲುಪುತ್ತದೆಯೇ, ಅದರ ಖರ್ಚನ್ನು ಎಷ್ಟು ಕಾಲ ಹೊರಬಲ್ಲಿರಿ ಎಂಬುದನ್ನು ಆರಂಭದಲ್ಲಿಯೇ ವೈದ್ಯರೊಡನೆ ಮಾತನಾಡಿ.

ಮೊದಲ ಬಾರಿಯ ಲ್ಯಾಮಿನೈಟಿಸ್ ಎಂದರೆ ಕೊನೆ ಎಂದಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕೆಳಗಿಳಿದಿರುವುದು ಕಂಡರೆ, ಕಾರಣ ಗೊತ್ತಿದ್ದೂ ತಡೆಯಲಾಗದೆ ದಾಳಿ ಮರುಕಳಿಸುತ್ತಿದ್ದರೆ, ಪ್ರತಿ ಬಾರಿಯೂ ಚೇತರಿಕೆ ಹಿಂದಿನದಕ್ಕಿಂತ ಕಡಿಮೆಯಾಗುತ್ತಿದ್ದರೆ ಮಾತು ಬೇರೆ. ಕುದುರೆ ಹಗಲೂ ರಾತ್ರಿ ಕಾಲ ಮೇಲೆಯೇ ಬದುಕುವ ಪ್ರಾಣಿ; ನಾಲ್ಕು ಕಾಲಿನ ನೋವಿಗೆ ಅದಕ್ಕೆ ಬಿಡುವೇ ಇರುವುದಿಲ್ಲ.

ಹಲವು ವಾರಗಳಿಂದ ಮಲಗಿದ್ದನ್ನೇ ನೋಡಿಲ್ಲ. ಕುದುರೆ ನಿಂತೇ ನಿದ್ದೆ ಮಾಡುತ್ತದಲ್ಲ, ಚಿಂತೆ ಬೇಕೇ?

ಬೇಕು. ಕುದುರೆ ನಿಂತು ತೂಕಡಿಸಬಲ್ಲದು. ಆದರೆ ಕನಸು ಕಾಣುವ ಗಾಢ ನಿದ್ದೆಗೆ ಅದು ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆಯಷ್ಟಾದರೂ ಆ ನಿದ್ದೆ ಸಿಗಬೇಕು. ಕೀಲುನೋವಿನ ಮುದಿ ಕುದುರೆ ಮಲಗಿದರೆ ಏಳಲಾಗದು ಎಂದು ಹೆದರಿ ಮಲಗುವುದನ್ನೇ ಬಿಡುತ್ತದೆ. ಕೆಲವು ದಿನಗಳ ನಂತರ ನಿಂತಲ್ಲಿಯೇ ನಿದ್ದೆ ಕವಿದು ಮುಂಗಾಲು ಕುಸಿಯುತ್ತದೆ. ಮುಂಗಾಲ ಗೆಣ್ಣಿನ ಮುಂಭಾಗದಲ್ಲಿ ತರಚು ಗಾಯಗಳು ಕಾಣಿಸುತ್ತವೆ. ಈ ಗಾಯಕ್ಕೆ ಮುಲಾಮು ಹಚ್ಚಿ ಸುಮ್ಮನಾಗುವವರೇ ಹೆಚ್ಚು. ದಪ್ಪನೆಯ ಮೃದು ಹಾಸು, ವಿಶಾಲವಾದ ಜಾಗ, ಸರಿಯಾದ ನೋವುಶಮನ ಕೊಟ್ಟು ಎರಡು ವಾರ ನೋಡಿ. ಮೈಮೇಲೆ ಹಾಸಿನ ಹುಲ್ಲು ಅಂಟಿರುವುದು, ಪಕ್ಕೆಯಲ್ಲಿ ಲದ್ದಿಯ ಕಲೆ ಇರುವುದು ಮಲಗಿದೆ ಎಂಬುದಕ್ಕೆ ಸಾಕ್ಷಿ. ಅದಾದ ಮೇಲೂ ಮಲಗದಿದ್ದರೆ ಅದರ ಬದುಕಿನಿಂದ ನಿದ್ದೆಯೇ ಹೋಗಿದೆ ಎಂದರ್ಥ, ಮತ್ತು ಇದನ್ನು ನಾನು ಬಹಳ ಭಾರವಾದ ಕಾರಣವೆಂದೇ ಎಣಿಸುತ್ತೇನೆ.

ಒಂದು ಕಣ್ಣು ಹೋಗಿತ್ತು, ಈಗ ಇನ್ನೊಂದೂ ಹೋಯಿತು. ಕುರುಡು ಕುದುರೆ ಬದುಕಿ ಏನು ಸುಖ?

ನಿಧಾನವಾಗಿ ಕುರುಡಾದ ಪೋನಿ, ಪರಿಚಿತ ಜಾಗ ಮತ್ತು ಒಬ್ಬ ನಂಬಿಕಸ್ಥ ಜೊತೆಗಾರ ಇದ್ದರೆ, ನೆಮ್ಮದಿಯಿಂದ ಇರಬಲ್ಲದು. ನೀರಿನ ತೊಟ್ಟಿಯ ಜಾಗ ಬದಲಿಸಬೇಡಿ, ಮುಳ್ಳುತಂತಿ ತೆಗೆಯಿರಿ, ಹತ್ತಿರ ಹೋಗುವ ಮೊದಲು ಮಾತನಾಡಿಸಿ. ಕಣ್ಣಿನೊಳಗಿನ ಉರಿಯೂತ ಪದೇ ಪದೇ ಬಂದು ಕಣ್ಣು ಹೋಗಿದ್ದರೆ ಆ ಕಣ್ಣಿನ ನೋವಿಗೆ ಚಿಕಿತ್ಸೆ ಬೇಕು. ಕುರುಡು ಒಂದೇ ಕಾರಣಕ್ಕೆ ವಿದಾಯ ಹೇಳಬೇಕಿಲ್ಲ. ಗಾಬರಿಯಿಂದ ಗೋಡೆಗೆ ಬಡಿದುಕೊಳ್ಳುತ್ತಾ, ತಿಂಗಳಾದರೂ ಹೊಂದಿಕೊಳ್ಳದಿದ್ದರೆ ಮಾತ್ರ ಮತ್ತೆ ಯೋಚಿಸಿ.

ಹೊಟ್ಟೆಶೂಲೆ ಬಂದು ಹೊರಳಾಡುತ್ತಿದೆ. ಈ ವಯಸ್ಸಿನಲ್ಲಿ ಆಪರೇಷನ್‌ಗೆ ಕರೆದೊಯ್ಯಬೇಕೇ?

ಇದು ರಾತ್ರಿ ಎರಡು ಗಂಟೆಗೆ ಕೇಳಿಕೊಳ್ಳುವ ಪ್ರಶ್ನೆಯಲ್ಲ. ಇವತ್ತೇ, ಕುದುರೆ ಚೆನ್ನಾಗಿರುವಾಗಲೇ, ಉತ್ತರ ಬರೆದಿಡಬೇಕಾದ ಪ್ರಶ್ನೆ. ಕುದುರೆಗೆ ವಾಂತಿ ಮಾಡಲಾಗದು, ಆದ್ದರಿಂದ ಕರುಳು ಕಟ್ಟಿದರೆ ಹೊಟ್ಟೆಯೇ ಒಡೆಯಬಹುದು. ಬಹುತೇಕ ಶೂಲೆಗಳು ಔಷಧಕ್ಕೆ ಬಗ್ಗುತ್ತವೆ. ಆದರೆ ಮುದಿ ಪೋನಿಗಳಲ್ಲಿ ಕರುಳಿನ ಪರದೆಯ ಮೇಲೆ ಬೆಳೆಯುವ ಕೊಬ್ಬಿನ ಗಡ್ಡೆ ತೊಟ್ಟಿನಿಂದ ಜೋತು ಕರುಳಿಗೆ ಸುತ್ತಿಕೊಳ್ಳುವುದು ಸಾಮಾನ್ಯ. ಅದನ್ನು ಬಿಡಿಸಲು ಶಸ್ತ್ರಚಿಕಿತ್ಸೆ ಬಿಟ್ಟರೆ ದಾರಿಯಿಲ್ಲ. ನೋವುಶಮನ ಕೊಟ್ಟರೂ ನೋವು ಮರಳುವುದು, ನಾಡಿ 60 ದಾಟಿ ಏರುತ್ತಲೇ ಇರುವುದು, ಒಸಡು ಕಡುಗೆಂಪು ಅಥವಾ ನೇರಳೆಗೆ ತಿರುಗುವುದು ಅಂಥ ಸ್ಥಿತಿಯ ಲಕ್ಷಣಗಳು. ಕುದುರೆಯ ಹೊಟ್ಟೆಯನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ಸೌಲಭ್ಯ ನಮ್ಮಲ್ಲಿ ಎಲ್ಲ ಊರುಗಳಲ್ಲಿ ಇಲ್ಲ. ದೂರದ ಜಿಲ್ಲೆಯಿಂದ ಲಾರಿಯಲ್ಲಿ ಗಂಟೆಗಟ್ಟಲೆ ಸಾಗಿಸುವುದೇ ಒಂದು ಹಿಂಸೆ. ಹತ್ತಿರದಲ್ಲಿ ಸೌಲಭ್ಯವಿಲ್ಲದಿದ್ದರೆ, 25 ದಾಟಿದ ಪೋನಿಗೆ ಇಂಥ ಶೂಲೆ ಬಂದಾಗ ಆ ಸ್ಥಳದಲ್ಲಿಯೇ ನೋವು ಕೊನೆಗೊಳಿಸುವುದು ದಯೆಯ ದಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನೋವಿನ ಔಷಧ ಕೊಡುತ್ತಾ ಎಷ್ಟು ಕಾಲ ನಡೆಸಬಹುದು?

ಕೀಲುನೋವಿಗೆ ದಿನವೂ ಸ್ವಲ್ಪ ಫೀನೈಲ್‌ಬ್ಯುಟಜೋನ್ ಅಥವಾ ಮೆಲಾಕ್ಸಿಕ್ಯಾಮ್ ಪಡೆಯುತ್ತಾ ವರ್ಷಗಟ್ಟಲೆ ಹಾಯಾಗಿರುವ ಪೋನಿಗಳಿವೆ. ಈ ಜಾತಿಯ ಔಷಧಗಳು ಹೊಟ್ಟೆಯ ಹುಣ್ಣು, ದೊಡ್ಡ ಕರುಳಿನ ಉರಿಯೂತ ಮತ್ತು ಮೂತ್ರಪಿಂಡದ ಹಾನಿ ತರಬಲ್ಲವು; ಎರಡನ್ನು ಒಟ್ಟಿಗೆ ಎಂದಿಗೂ ಕೊಡಬಾರದು. ಔಷಧ ಕೊಟ್ಟ ಮೇಲೆ ಪೋನಿ ತನ್ನ ಇಷ್ಟದ ಕೆಲಸಗಳಿಗೆ ಮರಳುತ್ತದೆಯೇ ಎಂಬುದನ್ನು ಗಮನಿಸಿ. ಪ್ರಮಾಣ ಏರಿಸುತ್ತಾ ಹೋಗಿಯೂ ಅದು ಕೇವಲ ನಿಲ್ಲುವಷ್ಟಕ್ಕೆ ಬಂದು ನಿಂತಿದ್ದರೆ ಔಷಧ ತನ್ನ ಎಲ್ಲೆ ಮುಟ್ಟಿದೆ. ಡೈಕ್ಲೋಫಿನ್ಯಾಕ್ ಅನ್ನು ಮಾತ್ರ ಕೊಡಲೇಬಾರದು: ಜಾನುವಾರುಗಳಿಗೆ ಅದರ ಬಳಕೆಯನ್ನು ಭಾರತ 2006ರಲ್ಲಿಯೇ ನಿಷೇಧಿಸಿದೆ, ಏಕೆಂದರೆ ಆ ಔಷಧವಿರುವ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು, ಅವುಗಳ ಸಂತತಿಯೇ ಕುಸಿಯಿತು.

## ತೀರ್ಮಾನ

ಸಮಯ ಬಂದಿದೆ ಎಂದು ಗೊತ್ತಾಗುವುದು ಹೇಗೆ? “ಅದೇ ಹೇಳುತ್ತದೆ” ಎನ್ನುತ್ತಾರೆ, ನನಗೇನೂ ಕೇಳಿಸುತ್ತಿಲ್ಲ.

ಅದೇ ಹೇಳುತ್ತದೆ ಎಂಬ ಮಾತು ಹಲವರಿಗೆ ಸಮಾಧಾನ ಕೊಟ್ಟಿದೆ. ಇನ್ನು ಹಲವರನ್ನು ತಿಂಗಳುಗಟ್ಟಲೆ ಕಾಯಿಸಿ, ಕೊನೆಗೆ ಅಪರಾತ್ರಿಯ ಗೋಳಿಗೆ ತಂದು ನಿಲ್ಲಿಸಿದೆ. ನೋವು ಬಚ್ಚಿಡುವ ಪ್ರಾಣಿಯ ಮೇಲೆ ಆ ಹೊಣೆ ಹೊರಿಸಬಾರದು. ತೀರ್ಮಾನ ನಮ್ಮದು, ಮತ್ತು ಅದಕ್ಕೆ ಬೇಕಾದ ತಯಾರಿಯೂ ನಮ್ಮದು.

ಮೊದಲ ಕೆಲಸ: ಪೋನಿ ತಕ್ಕಮಟ್ಟಿಗೆ ಚೆನ್ನಾಗಿರುವಾಗಲೇ, ಅದು ಯಾರ ಒತ್ತಾಯವೂ ಇಲ್ಲದೆ ತಾನಾಗಿ ಮಾಡುವ ನಾಲ್ಕೈದು ಕೆಲಸಗಳನ್ನು ಬರೆದಿಡಿ. ಬಕೆಟ್ಟಿನ ಸದ್ದಿಗೆ ಗೇಟಿನ ಬಳಿ ಬರುವುದು, ಧೂಳಿನಲ್ಲಿ ಹೊರಳಿ ಎದ್ದು ಮೈಕೊಡವುವುದು, ಜೊತೆಗಾರನ ಜೂಲನ್ನು ಕಚ್ಚಿ ಕೆರೆಯುವುದು, ಮಧ್ಯಾಹ್ನ ಮಲಗುವುದು, ಹೊಲದ ಆ ತುದಿಯ ಗರಿಕೆಗೆ ನಡೆದು ಹೋಗುವುದು. ಪ್ರತಿ ಪೋನಿಯ ಪಟ್ಟಿ ಬೇರೆ. ಬಳಿಕ ದಿನವೂ ಕ್ಯಾಲೆಂಡರಿನಲ್ಲಿ, ಅವುಗಳಲ್ಲಿ ಎಷ್ಟು ಮಾಡಿತು ಎಂದು ಗುರುತು ಹಾಕಿ. ನಿತ್ಯ ನೋಡುವ ಕಣ್ಣಿಗೆ ನಿಧಾನದ ಇಳಿತ ಕಾಣುವುದಿಲ್ಲ, ಕ್ಯಾಲೆಂಡರಿಗೆ ಕಾಣುತ್ತದೆ. ಪಟ್ಟಿಯ ಬಹುಪಾಲು ನಿಂತುಹೋಗಿ, ಸರಿಯಾದ ಚಿಕಿತ್ಸೆ ಕೊಟ್ಟ ಮೇಲೂ ಮರಳದಿದ್ದರೆ, ಉಳಿದಿರುವುದು ಉಸಿರಾಟ ಮಾತ್ರ.

ಎರಡನೆಯದು: ದಾಟಬಾರದ ಗೆರೆಗಳನ್ನು ವೈದ್ಯರೊಡನೆ ಕೂತು ಮೊದಲೇ ಗೊತ್ತುಮಾಡಿ. ಬಿದ್ದು ಏಳಲಾಗದೆ ಜನ ಸೇರಿ ಎಬ್ಬಿಸುವ ಸ್ಥಿತಿ ಎರಡನೇ ಬಾರಿ ಬಂದರೆ, ಇಷ್ಟು ಕಿಲೋಗಿಂತ ತೂಕ ಇಳಿದರೆ, ಔಷಧ ಇಷ್ಟಕ್ಕಿಂತ ಏರಿಸಬೇಕಾದರೆ ಎಂದು ನಿರ್ದಿಷ್ಟವಾಗಿ ಬರೆಯಿರಿ. ಕಣ್ಣೀರಿನ ಹೊತ್ತಿನಲ್ಲಿ ಗೆರೆ ಸರಿಸುವುದು ಬಹಳ ಸುಲಭ. ಬರೆದಿಟ್ಟದ್ದು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಮೂರನೆಯದು ಋತು. ಉರಿಬೇಸಿಗೆಯಲ್ಲಿ ಬೆವರುವ ಶಕ್ತಿ ಕುಂದಿದ, ಕೂದಲುದುರದ ಕುಶಿಂಗ್ ಪೋನಿ ಬೇಯುತ್ತದೆ. ಮಳೆಗಾಲದ ಕೆಸರಿನಲ್ಲಿ ಕೀಲುನೋವಿನ ಕುದುರೆ ಜಾರಿ ಬೀಳುತ್ತದೆ. ಹಿಂದಿನ ಮಳೆಗಾಲವನ್ನು ಅದು ಹೇಗೆ ದಾಟಿತು ಎಂದು ನೆನಪಿಸಿಕೊಳ್ಳಿ. ಈ ಬಾರಿ ದಾಟಲಾರದು ಎಂದು ನಿಮಗೂ ವೈದ್ಯರಿಗೂ ಅನಿಸಿದರೆ, ಜೂನ್ ಬರುವ ಮೊದಲೇ, ಬಿಸಿಲು ಹಿತವಾಗಿರುವ ಒಂದು ಬೆಳಿಗ್ಗೆ ವಿದಾಯ ಹೇಳುವುದರಲ್ಲಿ ತಪ್ಪಿಲ್ಲ. ಅಂದು ಅದು ಹುಲ್ಲು ತಿನ್ನುತ್ತಿರುತ್ತದೆ, ಕಿವಿ ನಿಮಿರಿಸಿ ನಿಮ್ಮನ್ನು ನೋಡುತ್ತದೆ. ಇನ್ನೂ ಒಂದು ವಾರ ಇರಬಹುದಿತ್ತಲ್ಲ ಎಂದು ಮನಸ್ಸು ಕಿತ್ತುಕೊಳ್ಳುತ್ತದೆ. ಆ ಸಂಕಟ ನಮ್ಮ ಪಾಲಿನದು, ಅದನ್ನು ನಾವು ಹೊರಬೇಕು. ತಡಮಾಡಿದರೆ ಆಗುವ ಸಂಕಟ ಅದರ ಪಾಲಿನದು.

ಸೂಜಿ ಯಾಕೆ? ತಾನಾಗಿಯೇ ಪ್ರಾಣ ಬಿಡಲಿ ಎಂದು ಕಾಯಬಾರದೇ?

ನಿದ್ದೆಯಲ್ಲಿ ಸದ್ದಿಲ್ಲದೆ ಹೋಗುವ ಸಾವು ಕುದುರೆಗೆ ಅಪರೂಪ. ತಾನಾಗಿ ಬರುವ ಸಾವು ಎಂದರೆ ಹೆಚ್ಚಾಗಿ ಗಂಟೆಗಟ್ಟಲೆಯ ಶೂಲೆ, ಅಥವಾ ಬಿದ್ದು ಏಳಲಾರದೆ ಒದ್ದಾಡುವ ಒಂದೆರಡು ದಿನ. 200 ಕಿಲೋ ಮೀರಿದ ದೇಹ ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ ಕೆಳಗಿನ ಸ್ನಾಯುಗಳು ರಕ್ತವಿಲ್ಲದೆ ಸಾಯುತ್ತವೆ, ಚರ್ಮ ಹುಣ್ಣಾಗುತ್ತದೆ, ನೊಣ ಮುತ್ತುತ್ತದೆ. ಮನೆಯ ಅಜ್ಜನಂತೆ ಹಾಸಿಗೆ ಹಿಡಿದು ಆರೈಕೆ ಪಡೆಯಲು ಕುದುರೆಯ ದೇಹಕ್ಕೆ ಆಗುವುದಿಲ್ಲ. ಕಾಯುವುದನ್ನು ಆಯ್ದುಕೊಳ್ಳುವವರು ಇದನ್ನು ತಿಳಿದೇ ಆಯ್ದುಕೊಳ್ಳಬೇಕು.

ನಮ್ಮ ಮನೆಗೆ ಅನ್ನ ಹಾಕಿದ ಪ್ರಾಣಿ. ಕೊಂದ ಪಾಪ ಬರುವುದಿಲ್ಲವೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಇದು ಹೃದಯವಿರುವವರ ಪ್ರಶ್ನೆ. ಇದೇ ಪ್ರಶ್ನೆ 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗಾಂಧೀಜಿಯವರ ಮುಂದೆ ಬಂದಿತ್ತು. ಆಶ್ರಮದ ಕರುವೊಂದು ಉಳಿಯುವ ಆಸೆಯಿಲ್ಲದೆ ತೀವ್ರ ನೋವಿನಲ್ಲಿ ಬಿದ್ದಿತ್ತು. ಆಶ್ರಮದವರೊಡನೆ ಚರ್ಚಿಸಿ, ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಪ್ರಾಣ ನೀಗಿಸಿದರು. ದೇಶದಾದ್ಯಂತ ಕೋಪದ ಪತ್ರಗಳು ಬಂದವು. ಅವರು ತಮ್ಮ ಪತ್ರಿಕೆಗಳಲ್ಲಿ ಉತ್ತರಿಸಿ, ಸ್ವಾರ್ಥವಿಲ್ಲದೆ, ಬೇರೆ ಉಪಾಯವೇ ಇಲ್ಲದಾಗ, ಆ ಜೀವದ ನೋವನ್ನು ನೀಗಿಸಲೆಂದೇ ಮಾಡಿದ್ದನ್ನು ತಾವು ಹಿಂಸೆ ಎನ್ನಲಾರೆ ಎಂಬ ನಿಲುವನ್ನು ಬಿಡಲಿಲ್ಲ. ಅಹಿಂಸೆಯನ್ನೇ ಬದುಕಾಗಿಸಿಕೊಂಡವರೂ ಈ ಕವಲಿನಲ್ಲಿ ನಿಂತು ಯೋಚಿಸಿದ್ದರು ಎಂಬುದು ಹಲವರಿಗೆ ಧೈರ್ಯ ಕೊಟ್ಟಿದೆ.

ನಿಮ್ಮ ಧರ್ಮದ ಹಿರಿಯರನ್ನು ಕೇಳಬೇಕೆನಿಸಿದರೆ ಖಂಡಿತ ಕೇಳಿ. “ಕೊಲ್ಲಬಹುದೇ” ಎಂದಷ್ಟೇ ಕೇಳದೆ, ಕಾಯಿಲೆ ಏನು, ವೈದ್ಯರು ಏನು ಹೇಳಿದ್ದಾರೆ, ಬಿಟ್ಟರೆ ಮುಂದೆ ಏನಾಗುತ್ತದೆ ಎಂಬುದನ್ನು ಪೂರ್ತಿಯಾಗಿ ವಿವರಿಸಿ ಕೇಳಿ.

ಕೊಲ್ಲಿಸುವ ಬದಲು ಯಾರಿಗಾದರೂ ಕೊಟ್ಟುಬಿಡುತ್ತೇವೆ, ಇಲ್ಲವೇ ಮೇಯಲು ಬಿಟ್ಟುಬಿಡುತ್ತೇವೆ.

ದಯವಿಟ್ಟು ಹಾಗೆ ಮಾಡಬೇಡಿ. ಕಾಯಿಲೆಯ ಮುದಿ ಪೋನಿಯನ್ನು ಅಗ್ಗಕ್ಕೆ ಕೊಳ್ಳುವವರು ಅದನ್ನು ಕೊನೆಯುಸಿರಿನವರೆಗೂ ಗಾಡಿಗೆ ಕಟ್ಟುತ್ತಾರೆ, ಇಟ್ಟಿಗೆ ಹೊರಿಸುತ್ತಾರೆ. ಬೀದಿಗೆ ಬಿಟ್ಟ ಕುದುರೆ ಕಸದ ಪ್ಲಾಸ್ಟಿಕ್ ತಿಂದು ಶೂಲೆಯಿಂದ, ಅಥವಾ ವಾಹನ ಬಡಿದು ಸಾಯುತ್ತದೆ. ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ 11ನೇ ಕಲಮಿನ ಪ್ರಕಾರ, ವಯಸ್ಸು ಅಥವಾ ಕಾಯಿಲೆಯಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದೂ, ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಬಿಟ್ಟುಹೋಗುವುದೂ ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯ್ದೆ ಬರೆದಿರುವ ದಂಡ 10ರಿಂದ 50 ರೂಪಾಯಿ ಎಂಬುದು ನನ್ನನ್ನು ಪ್ರತಿ ಬಾರಿಯೂ ನೋಯಿಸುತ್ತದೆ. ಒಳ್ಳೆಯ ಆಶ್ರಯಧಾಮ ಸಿಕ್ಕಿದರೆ ನೀವೇ ಹೋಗಿ ನೋಡಿ. ಆದರೆ ಗುಣವಾಗದ ನೋವಿರುವ ಕುದುರೆಗೆ ಜಾಗ ಬದಲಾದರೆ ನೋವು ಬದಲಾಗುವುದಿಲ್ಲ, ಪರಿಚಿತರನ್ನು ಕಳೆದುಕೊಂಡ ದುಃಖ ಮೇಲೆ ಸೇರುತ್ತದೆ.

ಚಿಕಿತ್ಸೆಗೆ ಹಣವಿಲ್ಲ. ಹಣಕ್ಕಾಗಿ ಸಾಯಿಸಿದಂತೆ ಆಗುವುದಿಲ್ಲವೇ?

ಹಣದ ಮಿತಿ ನಾಚಿಕೆಯ ವಿಷಯವಲ್ಲ, ಅದನ್ನು ವೈದ್ಯರಿಂದ ಮುಚ್ಚಿಡುವುದು ಮಾತ್ರ ಅಪಾಯ. ಇಷ್ಟು ಮಾತ್ರ ಆಗುತ್ತದೆ ಎಂದು ಮೊದಲೇ ಹೇಳಿದರೆ, ಆ ಮಿತಿಯೊಳಗೆ ಏನು ಒಳ್ಳೆಯದು ಎಂದು ಅವರು ಹೇಳಬಲ್ಲರು. ಸರ್ಕಾರಿ ಪಶು ಆಸ್ಪತ್ರೆಗಳಿವೆ. ಸಂಚಾರಿ ಪಶು ಚಿಕಿತ್ಸಾ ಘಟಕಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಬಹುದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಿವೆ. ಅರೆಬರೆ ಚಿಕಿತ್ಸೆಯಲ್ಲಿ ನೋವನ್ನು ಎಳೆಯುವುದಕ್ಕಿಂತ, ಆಗದಿರುವುದನ್ನು ಒಪ್ಪಿಕೊಂಡು ನೋವಿಲ್ಲದ ಕೊನೆಯನ್ನು ಕೊಡುವುದು ಮೇಲು.

## ಕಾನೂನು, ಆ ದಿನ ಮತ್ತು ನಂತರ

ಕಾನೂನು ಏನು ಹೇಳುತ್ತದೆ? ಅನುಮತಿ ಬೇಕೇ?

ನಿಮ್ಮದೇ ಪ್ರಾಣಿಯ ಗುಣವಾಗದ ನೋವನ್ನು ನೋಂದಾಯಿತ ಪಶುವೈದ್ಯರು ಪರೀಕ್ಷಿಸಿ, ಕಾರಣ ಬರೆದು, ನಿಮ್ಮ ಲಿಖಿತ ಒಪ್ಪಿಗೆ ಪಡೆದು ದಯಾಮರಣ ಕೊಡುವುದು ರೂಢಿಯಲ್ಲಿರುವ ಕ್ರಮ. ಆ ಬರಹದ ಒಂದು ಪ್ರತಿ ಇಟ್ಟುಕೊಳ್ಳಿ; ಕುದುರೆಗೆ ವಿಮೆಯಿದ್ದರೆ ಕಂಪನಿಗೆ ಮೊದಲೇ ತಿಳಿಸಿ. ಕ್ರೂರ ವಿಧಾನದಿಂದ ಕೊಲ್ಲುವುದನ್ನು ಕಾಯ್ದೆ ಅಪರಾಧವೆಂದು ಹೇಳಿ, ಹೃದಯಕ್ಕೆ ಸ್ಟ್ರಿಕ್‌ನೀನ್ ಚುಚ್ಚುವುದನ್ನು ಹೆಸರಿಟ್ಟು ಉಲ್ಲೇಖಿಸಿದೆ. ಇನ್ನು 13ನೇ ಕಲಮು, ಉಳಿಸಿದರೆ ಹಿಂಸೆಯೇ ಆಗುವಷ್ಟು ನರಳುತ್ತಿರುವ ಪ್ರಾಣಿಯನ್ನು, ಮಾಲೀಕ ಇಲ್ಲದಿದ್ದರೂ ಒಪ್ಪದಿದ್ದರೂ, ಪಶುವೈದ್ಯಾಧಿಕಾರಿಯ ಪ್ರಮಾಣಪತ್ರದ ಮೇಲೆ ಕೊನೆಗೊಳಿಸುವ ಅಧಿಕಾರವನ್ನು ಅಧಿಕಾರಿಗಳಿಗೆ ಕೊಡುತ್ತದೆ. ರಸ್ತೆಯಲ್ಲಿ ಬಿದ್ದ ವಾರಸುದಾರರಿಲ್ಲದ ಕುದುರೆಗೆ ಇದು ಉಪಯೋಗಕ್ಕೆ ಬರುತ್ತದೆ.

ಗ್ಲ್ಯಾಂಡರ್ಸ್ ಮಾತ್ರ ಪೂರ್ತಿ ಬೇರೆ. ಮನುಷ್ಯರಿಗೂ ಹರಡುವ ಈ ಮಾರಕ ಸೋಂಕನ್ನು ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಖಚಿತಪಡಿಸಿದರೆ, 2009ರ ಸಾಂಕ್ರಾಮಿಕ ಪ್ರಾಣಿರೋಗಗಳ ಕಾಯ್ದೆಯಡಿ ಇಲಾಖೆಯೇ ಕ್ರಮ ಕೈಗೊಳ್ಳುತ್ತದೆ. ಅಲ್ಲಿ ಆಯ್ಕೆ ಮಾಲೀಕರದ್ದಲ್ಲ.

ಹೇಗೆ ಮಾಡುತ್ತಾರೆ? ಅದಕ್ಕೆ ನೋವಾಗುತ್ತದೆಯೇ?

ಮೊದಲು ಮಂಪರಿನ ಔಷಧ. ತಲೆ ತಗ್ಗಿ, ಕಾಲು ಅಗಲವಾಗುತ್ತದೆ. ನಂತರ ಕತ್ತಿನ ರಕ್ತನಾಳಕ್ಕೆ ಅರಿವಳಿಕೆಯ ಅತಿಪ್ರಮಾಣ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಹೋಗಿ ದೇಹ ನೆಲಕ್ಕೆ ಕುಸಿಯುತ್ತದೆ. ಕೆಲವು ವೈದ್ಯರು ಪೂರ್ತಿ ಅರಿವಳಿಕೆಯಾದ ನಂತರ ಹೃದಯ ನಿಲ್ಲಿಸುವ ಲವಣದ ದ್ರಾವಣವನ್ನು ಕೊಡುತ್ತಾರೆ. ಅರಿವಳಿಕೆಯಿಲ್ಲದೆ ಅದನ್ನು ಕೊಡುವುದು ಘೋರ, ಆದ್ದರಿಂದ ಯಾವ ಔಷಧ ಯಾವ ಕ್ರಮದಲ್ಲಿ ಎಂದು ಸಂಕೋಚವಿಲ್ಲದೆ ಕೇಳಿ. ಪ್ರಜ್ಞೆ ಹೋದ ಮೇಲೂ ಸ್ನಾಯು ಅದುರಬಹುದು, ಒಂದೆರಡು ದೀರ್ಘ ಉಸಿರು ಬರಬಹುದು, ಕಣ್ಣು ತೆರೆದೇ ಇರುತ್ತದೆ. ಇವು ದೇಹದ ಪ್ರತಿಕ್ರಿಯೆಗಳು, ಅದಕ್ಕೆ ತಿಳಿಯುತ್ತಿರುವುದಿಲ್ಲ.

ನಾನು ಪಕ್ಕದಲ್ಲಿ ನಿಲ್ಲಬೇಕೇ? ಮಕ್ಕಳಿಗೆ ಏನು ಹೇಳುವುದು?

ನಿಮ್ಮ ದನಿ ಅದಕ್ಕೆ ಧೈರ್ಯವಾದರೆ ಮಂಪರು ಕವಿಯುವವರೆಗೆ ನಿಲ್ಲಿ; ಕುಸಿಯುವ ಹೊತ್ತಿಗೆ ವೈದ್ಯರು ಹೇಳಿದಷ್ಟು ದೂರ ಸರಿಯಿರಿ, ಏಕೆಂದರೆ ಅದು ಯಾವ ಕಡೆ ಬೀಳುತ್ತದೆ ಎಂದು ಹೇಳಲಾಗದು. ನಿಲ್ಲಲಾಗದಿದ್ದರೆ ಅದು ನಂಬುವ, ಅದನ್ನು ನೋಡಿಕೊಳ್ಳುವ ಸಾಹಿಸನೋ ಮನೆಯ ಇನ್ನೊಬ್ಬರೋ ನಿಲ್ಲಲಿ. ಮಕ್ಕಳಿಗೆ ಹಿಂದಿನ ದಿನವೇ ನಿಜ ಹೇಳಿ, ಮೈತಿಕ್ಕಿ ವಿದಾಯ ಹೇಳಲು ಬಿಡಿ. ಸುಳ್ಳುಹೇಳಿ ಬೇರೆ ಊರಿಗೆ ಕಳಿಸಿದೆವು ಎಂದರೆ ಅದು ಮರಳುವುದನ್ನು ಅವರು ಕಾಯುತ್ತಾರೆ. “ನಿದ್ದೆ ಮಾಡಿಸಿದೆವು” ಎಂದರೆ ಚಿಕ್ಕವರು ನಿದ್ದೆಗೇ ಹೆದರಬಹುದು.

ಹೂಳುವುದು ಎಲ್ಲಿ, ಹೇಗೆ?

ಜಾಗವನ್ನು ಮೊದಲೇ ಗೊತ್ತುಮಾಡಿ, ಜೆಸಿಬಿಯಿಂದ ಹಿಂದಿನ ದಿನವೇ ಗುಂಡಿ ತೋಡಿಸಿ, ಕೊನೆಯ ನಡಿಗೆ ಅದರ ಹತ್ತಿರಕ್ಕೇ ಇರಲಿ. ದೇಹವನ್ನು ಹಗ್ಗ ಕಟ್ಟಿ ಎಳೆಯುವುದನ್ನು ನೋಡಬೇಕಾಗಿ ಬಾರದಿರಲಿ. ಕಪ್ಪು ಮಣ್ಣಿನ ನೆಲದಲ್ಲಿ ಮಳೆ ಹಿಡಿದ ಮೇಲೆ ಯಂತ್ರ ಒಳಗೆ ಬರುವುದೇ ಇಲ್ಲ. ಬಾವಿ, ಬೋರ್‌ವೆಲ್, ಕೆರೆ, ಹಳ್ಳದಿಂದ ದೂರವಿರಲಿ, ದೇಹದ ಮೇಲೆ ಕನಿಷ್ಠ ನಾಲ್ಕೈದು ಅಡಿ ಮಣ್ಣು ಬರಲಿ. ನಗರದಲ್ಲಿ ಜಾಗವಿಲ್ಲದವರು ಸ್ಥಳೀಯ ಪಾಲಿಕೆಯ ಪಶು ವಿಭಾಗವನ್ನು ವಿಚಾರಿಸಬೇಕು.

ದೇಹವನ್ನು ಬಯಲಲ್ಲಿ ಎಸೆಯುವುದು ಎಂದಿಗೂ ಸಲ್ಲದು. ದಯಾಮರಣದ ಔಷಧ ಮಾಂಸದಲ್ಲಿ ಬಹುಕಾಲ ಉಳಿಯುತ್ತದೆ; ತಿಂದ ನಾಯಿ, ನರಿ, ಹದ್ದುಗಳು ಸಾಯುತ್ತವೆ. ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ಅಭಯಧಾಮವೆಂದು ಘೋಷಿಸಿದ ನಾಡು ನಮ್ಮದು. ಅಳಿದುಳಿದ ಆ ಹಕ್ಕಿಗಳಿಗೆ ಔಷಧ ತುಂಬಿದ ಒಂದು ಕಳೇಬರ ಸಾಕು.

ಜೊತೆಯಲ್ಲಿದ್ದ ಇನ್ನೊಂದು ಕುದುರೆ ಕೆನೆಯುತ್ತಾ ಹುಡುಕುತ್ತಿದೆ. ಏನು ಮಾಡಬೇಕು?

ಸೋಂಕಿನ ಸಾವಲ್ಲದಿದ್ದರೆ, ಹೂಳುವ ಮೊದಲು ದೇಹವನ್ನು ಮೂಸಿ ನೋಡಲು ಅದಕ್ಕೆ ಅವಕಾಶ ಕೊಡಿ. ಕೆಲವು ಒಮ್ಮೆ ಮೂಸಿ ಮೇಯಲು ಹೋಗುತ್ತವೆ, ಕೆಲವು ಬಹಳ ಹೊತ್ತು ಬಳಿಯಲ್ಲಿಯೇ ನಿಲ್ಲುತ್ತವೆ, ಅವಸರಪಡಿಸಬೇಡಿ. ಹೀಗೆ ಕಂಡ ಕುದುರೆ ಕಾಣದ್ದಕ್ಕಿಂತ ಕಡಿಮೆ ಹುಡುಕುತ್ತದೆ ಎಂಬುದು ಅನೇಕ ಸಾಕಣೆದಾರರ ಅನುಭವ. ಮುಂದಿನ ದಿನಗಳಲ್ಲಿ ಅದರ ಮೇವು, ನೀರು, ಲದ್ದಿಯ ಮೇಲೆ ಕಣ್ಣಿಡಿ, ಏಕೆಂದರೆ ಕೊರಗಿ ನೀರು ಬಿಟ್ಟ ಕುದುರೆಗೆ ಕರುಳು ಕಟ್ಟಬಹುದು. ಒಂಟಿಯಾಗಿ ಉಳಿದರೆ ತಾತ್ಕಾಲಿಕವಾಗಿ ಕತ್ತೆಯೋ ಮೇಕೆಯೋ ಕಣ್ಣಳತೆಯಲ್ಲಿರಲಿ. ಹೊಸ ಕುದುರೆ ತರುವುದಾದರೆ ಗ್ಲ್ಯಾಂಡರ್ಸ್ ಪರೀಕ್ಷೆ ಮಾಡಿಸಿ, ಕೆಲವು ವಾರ ಬೇರೆ ಲಾಯದಲ್ಲಿ, ಬೇರೆ ಬಕೆಟ್ಟಿನಲ್ಲಿ ಇಟ್ಟು ನೋಡಿದ ಮೇಲೆಯೇ ಒಟ್ಟಿಗೆ ಬಿಡಿ.